ಗಲಾಟೆ ಮಾಡದ ಹುಡುಗ

ಒಮಾಹಾ, ನೆಬ್ರಾಸ್ಕಾ
9 ಅಕ್ಟೋಬರ್ 2022

ಅಪ್ಪಾ,

ಕಳೆದ ಭಾನುವಾರ ಫೋನಿನಲ್ಲಿ ನಾನು ಹೇಳಿದ್ದು ನಿಮಗೆ ಒಂದೂ ಕೇಳಿಸಲಿಲ್ಲ ಎಂದು ಗೊತ್ತು. ನನಗೆ ಬಡ್ತಿ ಸಿಗಲಿಲ್ಲ ಅಂದೆ, ನೀವು "ಒಳ್ಳೇದಾಯ್ತು, ಒಳ್ಳೇದಾಯ್ತು" ಅಂದಿರಿ. ಜೀವಮಾನವೆಲ್ಲ ಸೀಗಡಿ ದೋಣಿಯ ಎಂಜಿನ್ ಪಕ್ಕ ನಿಂತ ಕಿವಿಗಳು, ನಾನು ಬೇಸರ ಮಾಡಿಕೊಂಡಿಲ್ಲ. ಅಮ್ಮ ಇದ್ದಿದ್ದರೆ ಫೋನು ಕಿತ್ತುಕೊಂಡು, ನಾನು ಹೇಳಿದ್ದನ್ನೆಲ್ಲ ನಿಮಗೆ ಕೂಗಿ ಹೇಳುತ್ತಿದ್ದಳು. ಇನ್ನು ಮೇಲೆ ಕಾಗದವನ್ನೇ ಬರೆಯುತ್ತೇನೆ.

ಆ ಜಾಗ ಟೈಲರ್‌ಗೆ ಹೋಯಿತು. ಆಲಿಕಲ್ಲು ಬಿದ್ದು ಹಾಳಾದ ಜೋಳದ ಹೊಲಕ್ಕೆ ಎಷ್ಟು ವಿಮೆ ಕೊಡಬೇಕು ಎನ್ನುವ ಲೆಕ್ಕವನ್ನು ಅವನಿಗೆ ಕಲಿಸಿದವಳೇ ನಾನು. ಮೇಲಧಿಕಾರಿ ಗ್ರೆಗ್ ನನ್ನನ್ನು ಕೂರಿಸಿಕೊಂಡು, "ತ್ರಾಮ್, ನಿನ್ನಷ್ಟು ತಲೆ ತಗ್ಗಿಸಿ ದುಡಿಯೋರು ಇಲ್ಲಿ ಯಾರೂ ಇಲ್ಲ. ಆದ್ರೆ ಈ ಕೆಲ್ಸಕ್ಕೆ ದನಿ ಎತ್ತೋರು ಬೇಕು. ನಿಮ್ಮವರಿಗೆ ಅದೆಲ್ಲ ಹಿಡಿಸಲ್ಲ, ಅಲ್ವಾ?" ಎಂದ. ಹೊಗಳಿದನೋ ತೆಗಳಿದನೋ ತಿಳಿಯದೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಕಾರಿನಲ್ಲಿ ಕೂತ ಮೇಲೆ, ಯಾತಕ್ಕೆ ಥ್ಯಾಂಕ್ಸ್ ಹೇಳಿದೆ ಎಂದು ಯೋಚನೆ ಹತ್ತಿತು.

ಅದೇ ಸಂಜೆ ಕೇಲಬ್‌ನ ಶಾಲೆಯಲ್ಲಿ ತಂದೆತಾಯಿಯರ ಭೇಟಿ. ನಿಮ್ಮ ಅಳಿಯ ಬಾವ್ ಮಧ್ಯಾಹ್ನವೇ ವಿಮಾನ ರಿಪೇರಿಯ ಕೆಲಸಕ್ಕೆ ಹೋಗಿರುತ್ತಾನಲ್ಲ, ನಾನೊಬ್ಬಳೇ ಹೋದೆ. ಟೀಚರ್ ಮಿಸ್ ಲುಂಡ್‌ಬರ್ಗ್ ಎರಡೂ ಕೈ ಹಿಡಿದುಕೊಂಡರು. "ಚಿನ್ನದಂಥ ಹುಡ್ಗ! ಗಲಾಟೆ ಇಲ್ಲ, ತಂಟೆ ಇಲ್ಲ, ಕೂರ್ಸಿದ ಕಡೆ ಕೂತಿರ್ತಾನೆ. ನೀವುಗಳು ಮಕ್ಕಳನ್ನ ಹೇಗೆ ಬೆಳೆಸ್ತೀರೋ, ನಮ್ಮವರಿಗೂ ಒಂಚೂರು ಹೇಳ್ಕೊಡಿ." ನನಗೆ ಹೆಮ್ಮೆಯೇ ಆಯಿತು. ಆಮೇಲೆ, ಅವನನ್ನು ದಿನಾ ಇಂಗ್ಲಿಷ್ ಬಾರದ ಮಕ್ಕಳ ತರಗತಿಗೂ ಕಳಿಸುತ್ತಿದ್ದೇವೆ ಎಂದರು. ಅಪ್ಪಾ, ಅವನಿಗೆ ಬರುವುದು ಇಂಗ್ಲಿಷ್ ಒಂದೇ. ನಮ್ಮ ಭಾಷೆಯಲ್ಲಿ ಅನ್ನ, ನೀರು, ತಾತ ಅನ್ನುವುದು ಬಿಟ್ಟರೆ ಏನೂ ಗೊತ್ತಿಲ್ಲ. ಹಾಗೆಂದು ಹೇಳಿದೆ. "ಇರ್ಬೋದು, ಆದ್ರೂ ಮನೇಲಿ ಬೇರೆ ಭಾಷೆ ಕಿವಿಗೆ ಬೀಳ್ತಿರುತ್ತಲ್ಲ" ಎಂದರು.

ನಮ್ಮ ಮನೆಯಲ್ಲಿ ಯಾವ ಭಾಷೆ ಕಿವಿಗೆ ಬೀಳುತ್ತದೆ? ನಾನು ಅವನನ್ನು ಕರೆದುಕೊಂಡು ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಬಾವ್ ಬರುವಾಗ ನಾವಿಬ್ಬರೂ ಮಲಗಿರುತ್ತೇವೆ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿಕೊಂಡು ಸಂಸಾರ ನಡೆಸುತ್ತಿದ್ದೇವೆ.

ಶಾಲೆಯವರ ಜೊತೆ ಜಗಳ ಮಾಡಬೇಕಿತ್ತಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಿಮ್ಮ
ತ್ರಾಮ್


ಬಿಲಾಕ್ಸಿ, ಮಿಸ್ಸಿಸ್ಸಿಪ್ಪಿ
26 ಅಕ್ಟೋಬರ್ 2022

ಮಗಳೇ,

ಕಾಗದ ಓದಿದೆ. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೇ ಸಲ ಬರಲಿಲ್ಲ. ಎರಡನೇ ಸಲ ಓದಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಜಗಳ ಮಾಡದೆ ಇದ್ದದ್ದು ಒಳ್ಳೆಯದಾಯಿತು. ನಾವು ನಮ್ಮ ದೇಶ ಬಿಟ್ಟು ಈ ದಡಕ್ಕೆ ಬಂದ ಹೊಸದರಲ್ಲಿ ಯಾರೋ ನಮ್ಮ ದೋಣಿಯ ಹಗ್ಗ ಕತ್ತರಿಸಿ ಹಾಕಿದ್ದರು. ನಾನು ಹೊಸ ಹಗ್ಗ ತಂದೆ, ಅಷ್ಟೇ. ಬಾಯಿ ಮುಚ್ಚಿಕೊಂಡು ಅವರಿಗಿಂತ ಮುಂಚೆ ನೀರಿಗಿಳಿದೆ, ಅವರಿಗಿಂತ ತಡವಾಗಿ ದಡಕ್ಕೆ ಬಂದೆ. ನೀನು ಕಾಲೇಜು ಓದಿದ್ದು ಹಾಗೆ. ಹುಡುಗ ಗಲಾಟೆ ಮಾಡುವುದಿಲ್ಲ ಎಂದರೆ ಅದೇನು ಬೈಗುಳವಾ? ನಿನ್ನ ಟೀಚರೂ ಅದನ್ನೇ ಹೇಳುತ್ತಿದ್ದರು. ಅಂಥ ದಿನ ನಿನ್ನಮ್ಮ ನಿನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕುತ್ತಿದ್ದಳು.

ಸೀಗಡಿಗೆ ಒಂದಿಷ್ಟು ಹೆಚ್ಚು ಇಂಗ್ಲಿಷ್ ಬಂದರೆ ನಷ್ಟವೇನಿಲ್ಲ. (ನೀವು ಏನು ಹೆಸರಾದರೂ ಇಡಿ, ನನಗೆ ಅವನು ಸೀಗಡಿಯೇ. ಹುಟ್ಟಿದಾಗ ಹಾಗೇ ಕೆಂಪಗೆ ಮುದುಡಿಕೊಂಡಿದ್ದ.)

ಬಡ್ತಿಯ ವಿಷಯ ನನಗೆ ಅರ್ಥವಾಗುವುದಿಲ್ಲ. ಸಂಬಳ ಕಡಿಮೆ ಮಾಡಿಲ್ಲವಲ್ಲ?

ಅಪ್ಪ


ಒಮಾಹಾ
29 ಜನವರಿ 2023

ಅಪ್ಪಾ,

ನಮ್ಮ ಹೊಸ ವರ್ಷದ ಹಬ್ಬಕ್ಕೆ ಬರಲಾಗಲಿಲ್ಲ, ಕ್ಷಮಿಸಿ. ಅಮ್ಮನ ಫೋಟೊದ ಮುಂದೆ ಒಂದು ಕಿತ್ತಳೆ ಇಟ್ಟು ಊದುಬತ್ತಿ ಹಚ್ಚಿದೆ. ಬಾವ್‌ಗೆ ರಜೆ ಸಿಗಲಿಲ್ಲ, ನನಗೆ ಸಿಕ್ಕಿತ್ತು. ಆದರೆ ಕಂಪನಿಯ ಕ್ಯಾಲೆಂಡರಿಗೆ ಫೋಟೊ ಬೇಕು, ನಿಮ್ಮ ಹಬ್ಬದ ಉಡುಪು ಉಟ್ಟು ಬಾ ಎಂದರು. ರಜೆ ಬಿಟ್ಟು ಹೋದೆ. ನಾಲ್ಕು ಜನರ ಮೇಲಧಿಕಾರಿಯಾಗಿ ಕೂರಿಸಲು ಬೇಡವಾದವಳು ಗೋಡೆಯ ಮೇಲೆ ತೂಗುಹಾಕಲು ಆಗುತ್ತಾಳೆ. ಮನಸ್ಸಿಲ್ಲದೆ ಹೋದೆನಾ ಎಂದರೆ ಅದೂ ಅಲ್ಲ. ಅಮ್ಮನ ನೀಲಿ ರೇಷ್ಮೆ ಉಟ್ಟಿದ್ದೆ, ಎಲ್ಲರೂ ಚೆಂದ ಅಂದರು, ಖುಷಿಯಾಯಿತು. ಸಂಜೆ ಆ ಖುಷಿಗೇ ನಾಚಿಕೆಯಾಯಿತು.

ಕೇಲಬ್‌ಗೆ ಏನೋ ಆಗಿದೆ. ಓದುವುದರಲ್ಲಿ ಹಿಂದೆ ಬಿದ್ದಿದ್ದಾನೆ. ಮಾತಾಡು ಎಂದು ಫೋನು ಕೊಟ್ಟರೆ "ಓಕೆ ಓಕೆ" ಅಂದು ವಾಪಸ್ ಕೊಡುತ್ತಾನೆ. ನನ್ನ ಮೇಲೆ ಮುನಿಸು ಇರಬೇಕು, ಹೊತ್ತಿಗೆ ಸರಿಯಾಗಿ ಮನೆಗೆ ಬರದ ತಾಯಿ ತಾನೇ. ಮೊನ್ನೆ ಅಡುಗೆಮನೆಯಿಂದ ಊಟಕ್ಕೆ ಕರೆದೆ, ಮತ್ತೆ ಕರೆದೆ, ಬೆನ್ನು ಹಾಕಿಕೊಂಡು ಕೂತೇ ಇದ್ದ. ಹೋಗಿ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದೆ. ನಾನು ಕರೆದದ್ದೇ ಗೊತ್ತಿಲ್ಲದವನ ಹಾಗೆ ಬೆಚ್ಚಿಬಿದ್ದು ನೋಡಿದ. ನಾಟಕ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಮಿಸ್ ಲುಂಡ್‌ಬರ್ಗ್‌ಗೆ ಹೇಳಿದರೆ ನಕ್ಕುಬಿಟ್ಟರು. "ಯೋಚ್ನೆ ಮಾಡ್ಬೇಡಿ. ನಿಮ್ಮ ಮಕ್ಕಳು ಹೇಗಾದ್ರೂ ಮೇಲೆ ಬಂದೇ ಬರ್ತಾರೆ. ಲೆಕ್ಕದಲ್ಲಂತೂ ಕೇಳೋದೇ ಬೇಡ." ಅವರು ಒಳ್ಳೆಯವರು, ಅಪ್ಪಾ. ಅದೇ ಕಷ್ಟ.

ತ್ರಾಮ್


ಬಿಲಾಕ್ಸಿ
2 ಏಪ್ರಿಲ್ 2023

ತ್ರಾಮ್,

ಬೇಸಿಗೆ ರಜೆಗೆ ಹುಡುಗನನ್ನು ಇಲ್ಲಿಗೆ ಕಳಿಸು. ದೋಣಿ ಮಾರಿದ ಮೇಲೆ ಬೇರೆಯವರ ಬಲೆ ಹೊಲಿಯುತ್ತ ಕೂತಿರುತ್ತೇನೆ, ನನಗೂ ಜೊತೆಯಾಗುತ್ತದೆ. ನಾನು ಅಲ್ಲಿಗೆ ಬರುವ ಮಾತು ಬೇಡ. ಸಮುದ್ರ ಕಾಣದ ಊರಿನಲ್ಲಿ ನನಗೆ ಉಸಿರು ಕಟ್ಟುತ್ತದೆ.

ಅವನ ಭುಜ ಹಿಡಿದು ಅಲ್ಲಾಡಿಸಬೇಡ. ನಿನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳುತ್ತಿದ್ದೀಯ.

ಅಪ್ಪ


ಬಿಲಾಕ್ಸಿ
5 ಜುಲೈ 2023

ಮಗಳೇ,

ಇವನನ್ನು ಮಾತಾಡದ ಹುಡುಗ ಎಂದವರು ಯಾರು? ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಬಾಯಿ ಮುಚ್ಚುವುದಿಲ್ಲ! ನಾನು ಬಲೆ ಹೊಲಿಯುತ್ತ ಕೂತರೆ ಎದುರಿಗೆ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಾನೆ. ನಾನು ಕೂಗಿ ಹೇಳುತ್ತೇನೆ, ಅವನು ಕೂಗಿ ಕೇಳುತ್ತಾನೆ. ನನ್ನ ಮುರುಕು ಇಂಗ್ಲಿಷಿಗೆ ಬಿದ್ದು ಬಿದ್ದು ನಗುತ್ತಾನೆ. ಏಡಿಗೆ ಎಷ್ಟು ಕಾಲು, ಚಂಡಮಾರುತ ಬಂದಾಗ ಮೀನು ಎಲ್ಲಿ ಹೋಗುತ್ತದೆ, ಅಜ್ಜಿ ಯಾಕೆ ಸತ್ತಳು, ಎಲ್ಲ ಬೇಕು ಅವನಿಗೆ. ಪಕ್ಕದ ಮನೆಯ ಹುಯೆ ನಿನ್ನೆ ಬೇಲಿಯ ಹತ್ತಿರ ಬಂದು, "ಅಣ್ಣಾ, ನಿಮ್ಮಿಬ್ರಲ್ಲಿ ಕಿವುಡ್ರು ಯಾರು ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ಮೆತ್ತಗೆ ಮಾತಾಡಿ, ನಮ್ಮ ಕೋಳಿಗಳು ಮೊಟ್ಟೆ ಇಡೋದು ಬಿಟ್ಟಿವೆ" ಎಂದಳು. ಅವಳಿಗೆ ಕೋಳಿಯೇ ಇಲ್ಲ.

ಒಂದು ತಮಾಷೆ ಕೇಳು. ನನ್ನ ಹಾಗೇ ಎದುರಿನವರ ಬಾಯಿ ನೋಡುತ್ತ ಮಾತು ಕೇಳುವುದನ್ನೂ ಕಲಿತುಬಿಟ್ಟಿದ್ದಾನೆ. ಥೇಟ್ ಮುದುಕ!

ಚಿಂತೆ ಬಿಡು. ನಿನ್ನ ಮಗ ಚೆನ್ನಾಗಿದ್ದಾನೆ.

ಅಪ್ಪ


ಒಮಾಹಾ
10 ಜುಲೈ 2023
(ತುರ್ತು ಅಂಚೆ)

ಅಪ್ಪಾ,

ನಿಮ್ಮ ಕಾಗದವನ್ನು ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಓದಿ, ಮೀಟಿಂಗಿಗೂ ಹೋಗದೆ ಅಲ್ಲೇ ಕೂತಿದ್ದೇನೆ.

ಒಂದು ಕೆಲಸ ಮಾಡಿ. ಅವನು ಬೇರೆ ಕಡೆ ನೋಡುತ್ತಿರುವಾಗ ಹಿಂದಿನಿಂದ ಸಾಧಾರಣ ದನಿಯಲ್ಲಿ ಕರೆಯಿರಿ. ಕೂಗಬೇಡಿ. ನಿಮ್ಮ ದನಿ ಎಷ್ಟು ಎತ್ತರವೆಂದು ನಿಮಗೆ ತಿಳಿಯುವುದಿಲ್ಲ, ಹುಯೆಯವರಿಂದ ಕರೆಸಿ. ಅವನಿಗೆ ಇಷ್ಟವಾದದ್ದು ಏನನ್ನಾದರೂ ಹೇಳಲಿ. ಏನಾಯಿತೆಂದು ಆ ದಿನವೇ ಬರೆದು ಹಾಕಿ.

ತ್ರಾಮ್


ಬಿಲಾಕ್ಸಿ
13 ಜುಲೈ 2023

ತ್ರಾಮ್,

ಹುಯೆ ಅವನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಆಮೇಲೆ ಐಸ್‌ಕ್ರೀಮ್ ಬೇಕಾ ಎಂದಳು. ಆಮೇಲೆ ನಿಮ್ಮಮ್ಮ ಬಂದಿದಾಳೆ ನೋಡು ಎಂದಳು.

ತಿರುಗಲಿಲ್ಲ.

ಹುಯೆ ಅಳುತ್ತ ಮನೆಗೆ ಹೋದಳು. ನಾನು ಮುಂದೆ ಹೋಗಿ ನಿಂತೆ, ನನ್ನನ್ನು ನೋಡಿ ನಕ್ಕ. ನಾವು ಐಸ್‌ಕ್ರೀಮ್ ತಿನ್ನಲು ಹೋದೆವು.

ಅಪ್ಪ


ಒಮಾಹಾ
17 ಸೆಪ್ಟೆಂಬರ್ 2023

ಅಪ್ಪಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಹೇಳಲು ನನಗೆ ಗೊತ್ತಾಗುತ್ತಿಲ್ಲ. ಬರೆಯಲು ಕೂತರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎನ್ನುವಲ್ಲಿಗೆ ಬಂದು ಪೆನ್ನು ನಿಂತುಬಿಡುತ್ತದೆ.

ಅವನಿಗೆ ಎರಡೂ ಕಿವಿ ಅರೆಬರೆ ಕೇಳುತ್ತದೆ. ಹುಟ್ಟುವಾಗ ಸರಿಯಿತ್ತು, ನಿಧಾನವಾಗಿ ಕಮ್ಮಿಯಾಗಿದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ, ಮಿಕ್ಕದ್ದನ್ನು ಊಹಿಸುತ್ತಾನೆ. ಊಹೆಗೆ ಸಿಗದಿದ್ದರೆ ಸುಮ್ಮನೆ ಕೂತಿರುತ್ತಾನೆ. ಅದಕ್ಕೇ ಅವನು ಚಿನ್ನದಂಥ ಹುಡುಗ.

ಶಾಲೆಗೆ ಹೋಗಿ ಕೇಳಿದೆ, ಎಲ್ಲ ಮಕ್ಕಳ ಕಿವಿಯನ್ನೂ ನೀವು ಪರೀಕ್ಷೆ ಮಾಡುತ್ತೀರಲ್ಲ, ಇವನದು ಏನಾಯಿತು ಎಂದು. ಸದ್ದು ಕೇಳಿದಾಗ ಕೈಯೆತ್ತು ಎಂದು ಹೇಳಿದ್ದರಂತೆ, ಇವನು ಎತ್ತಲಿಲ್ಲವಂತೆ. ಹೇಳಿದ ಇಂಗ್ಲಿಷ್ ಇವನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಆ ಇನ್ನೊಂದು ತರಗತಿಗೆ ಹಾಕಿದರಂತೆ. ಮಿಸ್ ಲುಂಡ್‌ಬರ್ಗ್ ಅತ್ತುಬಿಟ್ಟರು. "ಅವನ ಸ್ವಭಾವವೇ ಹಾಗೆ ಅಂದ್ಕೊಂಡೆ... ನಿಮ್ಮ ಕಡೆ ಮಕ್ಕಳು ಹಾಗಿರ್ತಾರಲ್ಲ ಅಂತ..." ಬೈಯಬೇಕೆಂದು ಹೋದವಳು ಅವರಿಗೆ ಟಿಶ್ಯೂ ಎತ್ತಿಕೊಟ್ಟು ಬಂದೆ. ಬೈಯಲು ನನಗೇನು ಹಕ್ಕು? ಅವರು ನೋಡಿದ್ದು ದಿನಕ್ಕೆ ಆರು ತಾಸು, ಇಪ್ಪತ್ತು ಮಕ್ಕಳ ನಡುವೆ. ನಾನು ಹೆತ್ತವಳು. ನನಗೂ ಸುಮ್ಮನಿರುವ ಮಗ ಅನುಕೂಲವಾಗಿದ್ದ, ಅಪ್ಪಾ. ಅವನು ಸುಮ್ಮನೆ ಕೂತರೆ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ.

ಇನ್ನೊಂದು ಕೇಳಿ. ಕಿವಿಯ ಡಾಕ್ಟರ ಹತ್ತಿರ ಹೋದಾಗ ಕಪ್ಪು ಹೆಂಗಸೊಬ್ಬರು ಬಂದು ಕೇಲಬ್‌ನ ಜೊತೆ ಆಟ ಶುರು ಮಾಡಿದರು. ನನಗೆ ಆಫೀಸಿನ ಅವಸರ. "ಡಾಕ್ಟರ್ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದೆ. ಅವರು ಗಡಿಯಾರ ನೋಡಿದರು. "ಬಂದು ಆಗ್ಲೇ ಹತ್ತು ನಿಮಿಷ ಆಯ್ತಮ್ಮ. ನಿಮ್ಮ ಮಗ ಆಗ್ಲೇ ಗುರುತು ಹಿಡಿದ, ನೀವು ಯಾವಾಗ ಹಿಡೀತೀರೋ ಅಂತ ಕಾಯ್ತಿದೀನಿ." ಡಾಕ್ಟರ್ ಪೆಟಿಫರ್ಡ್ ಅಂತ ಹೆಸರು. ಕ್ಷಮೆ ಕೇಳಿದೆ. "ಈ ವಾರದಲ್ಲಿ ನೀವು ಮೂರನೆಯವರು. ಕೂತ್ಕೊಳ್ಳಿ, ಹುಡುಗನ ವಿಷಯ ಮಾತಾಡೋಣ" ಎಂದರು. ಅದಾದ ಮೇಲೆ ಮಿಸ್ ಲುಂಡ್‌ಬರ್ಗ್ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ.

ಈಗ ಎರಡೂ ಕಿವಿಗೆ ಯಂತ್ರ ಹಾಕಿದ್ದಾರೆ. ಹಾಕಿದ ದಿನ ಮನೆಗೆ ಬಂದು ನಲ್ಲಿ ಬಿಟ್ಟು ನೋಡಿದ, ಫ್ರಿಜ್ಜಿಗೆ ತಲೆ ಆನಿಸಿ ನಿಂತ. "ಅಮ್ಮಾ, ಇದು ಯಾವಾಗ್ಲೂ ಮಾತಾಡ್ತಾ ಇರುತ್ತಾ?" ಎಂದ.

ಪ್ರತಿ ಬುಧವಾರ ಮಧ್ಯಾಹ್ನ ಅವನಿಗೆ ಮಾತಿನ ಅಭ್ಯಾಸವಿದೆ. ರಜೆ ಕೇಳಿದರೆ ಗ್ರೆಗ್, "ಹೋಗು ಹೋಗು, ನಿಮ್ಮವರಿಗೆ ಮನೆಯೇ ಮೊದಲು ಅಂತ ಗೊತ್ತು" ಎಂದ. ಬೇಕಾದದ್ದು ಸಿಕ್ಕಿತು, ಆದರೂ ಈ ಸಲ ಥ್ಯಾಂಕ್ಸ್ ಹೇಳಲಿಲ್ಲ. ನವೆಂಬರ್ ಮಧ್ಯಕ್ಕೆ ಇನ್ನೊಂದು ಮೇಲಿನ ಜಾಗಕ್ಕೆ ಸಂದರ್ಶನವಿದೆ. ಅದು ನನಗೆ ಬೇಕು ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಪಕ್ಕದ ಮೇಜಿನವರು ತಿರುಗಿ ನೋಡಿದರು. "ಯಾಕಿಷ್ಟು ಸಿಟ್ಟು, ತ್ರಾಮ್?" ಎಂದ ಗ್ರೆಗ್. ನಾನು ಸಿಟ್ಟು ಮಾಡಿಕೊಂಡೇ ಇರಲಿಲ್ಲ. ಮಗನ ಜೊತೆ ಮಾತಾಡಿ ಅಭ್ಯಾಸವಾಗಿತ್ತು, ಅಷ್ಟೇ.

ನಿಮ್ಮ
ತ್ರಾಮ್


ಬಿಲಾಕ್ಸಿ
28 ಸೆಪ್ಟೆಂಬರ್ 2023

ಮಗಳೇ,

ಕಿವಿಯ ವಿಷಯ ನಮ್ಮಂಥವರು ಒಬ್ಬರ ಮಾತು ನಂಬಿ ಕೂರಬಾರದು. ಆ ಕಪ್ಪು ಹೆಂಗಸು ಓದಿದವರೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೂ ಇನ್ನೊಬ್ಬ ಡಾಕ್ಟರಿಗೆ ತೋರಿಸು. ನಮ್ಮವರೇ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಬಿಳಿಯರು ಯಾರಾದರೂ.

ಅಷ್ಟು ಚಿಕ್ಕ ಹುಡುಗನಿಗೆ ಯಂತ್ರ ಯಾಕೆ? ನಾನು ಇಲ್ಲದೆ ಬದುಕಿಲ್ಲವಾ? ಎಲ್ಲವನ್ನೂ ಕೇಳಿಸಿಕೊಂಡವರು ಸುಖವಾಗಿದ್ದಾರೆ ಅಂದುಕೊಂಡೆಯಾ?

ಅಪ್ಪ


ಒಮಾಹಾ
4 ಅಕ್ಟೋಬರ್ 2023

ಅಪ್ಪಾ,

ನಿಮ್ಮ ಕಾಗದವನ್ನು ಬಾವ್‌ಗೆ ತೋರಿಸಲಿಲ್ಲ. ಡಾಕ್ಟರ್ ಪೆಟಿಫರ್ಡ್ ಅವರ ಬಗ್ಗೆ ಹಾಗೆ ಬರೆಯಬೇಡಿ. ನಿಮಗೆ ಸಿಟ್ಟಿನ ಉತ್ತರ ಬರೆದೆ, ಹರಿದು ಹಾಕಿದೆ. ಅದರಲ್ಲಿ ಬರೆದಿದ್ದ ಒಂದೊಂದು ಮಾತೂ ನನಗೂ ಸಲ್ಲುತ್ತಿತ್ತು.

ಸ್ವಲ್ಪ ದಿನ ಬರೆಯುವುದಿಲ್ಲ. ಕೆಲಸ ಜಾಸ್ತಿ ಇದೆ.

ತ್ರಾಮ್


ಒಮಾಹಾ
22 ಅಕ್ಟೋಬರ್ 2023

ತಾತ,

ನಾನು ಕೇಲಬ್. ಅಂದರೆ ಸೀಗಡಿ. ಅಮ್ಮ ನಿನಗೆ ಬರೀತಾ ಇಲ್ಲ ಅಂತ ನಾನೇ ಬರೀತಾ ಇದ್ದೀನಿ. ಸ್ಟಾಂಪು ಅಪ್ಪ ಕೊಟ್ಟರು.

ನನ್ನ ಕಿವಿಯಂತ್ರದ ಬಣ್ಣ ಹಸಿರು. ಈಗ ನನಗೆ ತುಂಬಾ ಕೇಳಿಸುತ್ತೆ. ಚಿಪ್ಸ್ ತಿಂದರೆ ತಲೆ ಒಳಗೆ ಗುಡುಗು ಬಂದ ಹಾಗೆ ಆಗುತ್ತೆ. ಮಿಸ್ ಲುಂಡ್‌ಬರ್ಗ್ ಈಗ ನನ್ನ ಟೀಚರ್ ಅಲ್ಲ, ಆದರೂ ದಿನಾ ಬಂದು ಕೇಳಿಸ್ತಿದೆಯಾ ಅಂತಾರೆ. ಕೇಳಿಸ್ತಿದೆ ಅಂತೀನಿ.

ಒಂದು ವಿಷಯ ಇದೆ. ಅಮ್ಮನಿಗೆ ಹೇಳಬೇಡ, ಅವಳಿಗೆ ದೊಡ್ಡ ಮೀಟಿಂಗ್ ಇದೆ. ಬಸ್ ನಿಲ್ಲೋ ಕಡೆ ಒಬ್ಬ ದೊಡ್ಡ ಹುಡುಗ ಬರ್ತಾನೆ, ಅವನ ಹೆಸರು ಗೊತ್ತಿಲ್ಲ. ಹೋದ ವರ್ಷ ಪೂರ್ತಿ ನನ್ನ ನೋಡಿದಾಗೆಲ್ಲ ನಗ್ತಾ ಏನೋ ಕೂಗ್ತಿದ್ದ. ನಾನು ಹಾಯ್ ಕೇಲಬ್ ಅಂತಾನೆ ಅಂದ್ಕೊಂಡಿದ್ದೆ. ಅದಕ್ಕೆ ದಿನಾ ಕೈ ಬೀಸ್ತಿದ್ದೆ. ಅವನು ನನ್ನ ಫ್ರೆಂಡ್ ಅಂತ ಅಮ್ಮನಿಗೂ ಹೇಳಿದ್ದೆ.

ಈಗ ಕೇಳಿಸಿತು. ಅವನು ಹಾಯ್ ಅನ್ನಲ್ಲ. ನಮ್ಮ ಭಾಷೆ ಅಣಕಿಸೋ ಹಾಗೆ ಚಿಂಗ್ ಚಾಂಗ್ ಅಂತಾನೆ. ಆಮೇಲೆ ನಿನ್ನ ದೇಶಕ್ಕೆ ಹೋಗು ಅಂತಾನೆ.

ನನ್ನ ದೇಶ ಅಂದರೆ ಬಿಲಾಕ್ಸಿನಾ ತಾತ? ನನಗೆ ಅಲ್ಲಿಗೆ ಬರೋಕೆ ಇಷ್ಟ, ಆದರೆ ಶಾಲೆ ಇದೆಯಲ್ಲ.

ನಾನು ಈಗಲೂ ಕೈ ಬೀಸ್ತೀನಿ. ಬೀಸದೆ ಇದ್ದರೆ ನನಗೆ ಕೇಳಿಸಿತು ಅಂತ ಅವನಿಗೆ ಗೊತ್ತಾಗುತ್ತೆ. ಇದು ಸರಿನಾ? ನಿನಗೆ ಗೊತ್ತಿರಬಹುದು ಅಂತ ಕೇಳ್ತಾ ಇದ್ದೀನಿ.

ಸೀಗಡಿ


ಬಿಲಾಕ್ಸಿ
27 ಅಕ್ಟೋಬರ್ 2023

ತ್ರಾಮ್,

ಗುರುವಾರ ಇಲ್ಲಿಂದ ಬಸ್ಸು ಹತ್ತುತ್ತೇನೆ, ಶನಿವಾರ ನಿಮ್ಮಲ್ಲಿರುತ್ತೇನೆ. ಬಾವ್‌ಗೆ ನಿಲ್ದಾಣಕ್ಕೆ ಬರಲು ಹೇಳು. ಸಮುದ್ರ ಬಿಟ್ಟು ಬರುವುದಿಲ್ಲ ಅಂದಿದ್ದೆ, ಅದನ್ನು ಈಗ ಎತ್ತಬೇಡ. ಬಲೆಗಳನ್ನೆಲ್ಲ ಅವರವರಿಗೆ ವಾಪಸ್ ಕೊಟ್ಟಿದ್ದೇನೆ. ಮನೆಯ ಬೀಗದ ಕೈ ಹುಯೆಯ ಹತ್ತಿರ ಇರುತ್ತದೆ.

ಯಾಕೆ ಎಂದು ಕೇಳಬೇಡ. ಮೊಮ್ಮಗನನ್ನು ನೋಡಬೇಕು ಅನ್ನಿಸಿತು.

ಚಳಿಗಾಲ ಮುಗಿಯುವವರೆಗೆ ಇರುತ್ತೇನೆ, ಬೇಕಾದರೆ ಆಮೇಲೂ. ನೀನು ಧೈರ್ಯವಾಗಿ ನಿನ್ನ ಸಂದರ್ಶನಕ್ಕೆ ಹೋಗು. ಅಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಬೇಕು ಅನ್ನಿಸುತ್ತದೋ ಅಷ್ಟು ಗಟ್ಟಿಯಾಗಿ ಮಾತಾಡು. ನಿನಗೆ ಬಾಯಿ ಮುಚ್ಚಿಕೊಂಡಿರಲು ಹೇಳಿಕೊಟ್ಟವನು ನಾನು, ಅದು ಎಷ್ಟು ಸರಿಯೋ ಈ ವಾರ ನನಗೇ ತಿಳಿಯುತ್ತಿಲ್ಲ. ಬುಧವಾರ ಹುಡುಗನನ್ನು ನಾನು ಕರೆದುಕೊಂಡು ಹೋಗುತ್ತೇನೆ. ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೂ ನಾನೇ ಬಿಡುತ್ತೇನೆ, ಬಸ್ಸು ಹೊರಡುವವರೆಗೆ ಅವನ ಪಕ್ಕದಲ್ಲೇ ನಿಂತಿರುತ್ತೇನೆ. ಬೇಡ, ದಾರಿ ಹತ್ತಿರವಿದೆ, ಅವನೊಬ್ಬನೇ ಹೋಗುತ್ತಾನೆ ಎಂದೆಲ್ಲ ಹೇಳಬೇಡ.

ನಾನು ಬಂದ ಮೊದಲ ವಾರದಲ್ಲೇ ಡಾಕ್ಟರ್ ಪೆಟಿಫರ್ಡ್ ಅವರನ್ನು ನೋಡಬೇಕು, ದಿನ ಗೊತ್ತು ಮಾಡಿಡು. ಹೌದು, ಅವರನ್ನೇ. ಮುದುಕರ ಕಿವಿಯನ್ನೂ ನೋಡುತ್ತಾರಾ ಕೇಳು. ಬಸ್ ನಿಲ್ಲುವ ಕಡೆ ಮಕ್ಕಳು ಏನು ಮಾತಾಡುತ್ತಾರೋ ಅದು ನನಗೂ ಕೇಳಿಸಬೇಕು.

ಅಪ್ಪ